ತಕ್ಕಡಿರಾಯನ ಕೌದಿ

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಬಳಗದಲ್ಲಿ ಒಬ್ಬನಿದ್ದಾನೆ. ಊರು ಧಾರವಾಡ, ಕಸುಬು ಸಾಫ್ಟ್‌ವೇರು, ಮನೆದೇವರು ಅಡುಗೆಮನೆಯ ತಕ್ಕಡಿ. ಬೇಸಿಗೆ ಬಂತೆಂದರೆ ಸಿಯೆರಾ ನೆವಾಡ ಹತ್ತುವ ಈ ತಕ್ಕಡಿರಾಯ, ಭಾರ ಇಳಿಸಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಮುರಿದಿದ್ದಾನೆ, ಅಂಗಿಯ ಲೇಬಲ್ ಕಿತ್ತಿದ್ದಾನೆ. ನಕ್ಷೆಯ ಅಂಚನ್ನೂ ಕತ್ತರಿಸಿದ್ದ. ನಾವು ದಾರಿ ತಪ್ಪಿದ್ದು ಆ ಅಂಚಿನಲ್ಲೇ.

ಹೋದ ವರ್ಷ ಶನಿ ವಕ್ರಿಸಿದ್ದು ತುಪ್ಪುಳ ತುಂಬಿದ ಅವನ ಹಳೆಯ ಸ್ಲೀಪಿಂಗ್ ಬ್ಯಾಗಿಗೆ. ಬೆನ್ನಡಿಯ ತುಪ್ಪುಳ ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಉಬ್ಬದ ತುಪ್ಪುಳ ಬೆಚ್ಚಗಿಡುವುದಿಲ್ಲ, ಮತ್ತೆ ಹೊರುವುದೇಕೆ? ಕೆಳಗೆ ಚಾಪೆ, ಮೇಲೆ ಹೊದಿಕೆ, ಸಾಕು. ರೇ ಜಾರ್ಡೀನ್ ಎಂಬ ಅಮೆರಿಕದ ಚಾರಣಿಗ 1990ರ ದಶಕದಲ್ಲಿ ಸಾರಿದ ಈ ತತ್ವವನ್ನು ಇವನು ವಚನದಂತೆ ಹೇಳುತ್ತಾನೆ.

ಗಾಳಿಯಾಡದ ಜಾಗವೆಂದು ಬಚ್ಚಲುಮನೆ ಹೊಕ್ಕು ಜಿಪ್ಪು, ಟೋಪಿ, ತಳ ಎಲ್ಲ ಕತ್ತರಿಸಿದ. ತಳದ ತುಪ್ಪುಳವನ್ನು ಮೇಲಿನ ಪಟ್ಟಿಗಳಿಗೆ ತುಂಬುವ ಯೋಜನೆ. 800ರ ದರ್ಜೆಯ ತುಪ್ಪುಳ 28 ಗ್ರಾಂ ಇದ್ದರೆ 13 ಲೀಟರ್ ಜಾಗ ಬೇಡುತ್ತದೆ, ಅಂದರೆ ಒಂದು ಕೊಡ. ಇವನ ಕೈಲಿದ್ದದ್ದು 150 ಗ್ರಾಂ. ಐದು ಕೊಡ ತುಪ್ಪುಳ ಎದುರಿಗಿಟ್ಟುಕೊಂಡು ಪುಣ್ಯಾತ್ಮ ಸೀನಿದ.

ಊರಿಂದ ಬಂದಿದ್ದ ಅವ್ವ ಬಾಗಿಲಲ್ಲೇ ನಿಂತರು. "ಲೇ, ಎಷ್ಟು ಕೋಳಿ ಕೊಯ್ದೀ?"

"ಕೋಳಿ ಅಲ್ಲಬೇ, ಬಾತುಕೋಳಿ!"

ಶಾಕಾಹಾರಿ ಮನೆತನಕ್ಕೆ ಇದರಿಂದ ಸಮಾಧಾನವೇನೂ ಆಗಲಿಲ್ಲ.

ಹೊಲಿಗೆ ಯಂತ್ರ ಆ ಈರುಳ್ಳಿ ಸಿಪ್ಪೆಯಂಥ ನೈಲಾನನ್ನು ಎರಡೇ ನಿಮಿಷದಲ್ಲಿ ಹರಿದುಹಾಕಿತು. ಕೊನೆಗೆ ಸೂಜಿ ಹಿಡಿದವರು ಅವ್ವನೇ. "ಹಳೇ ಸೀರಿ ಕೂಡಿಸಿ ಕೌದಿ ಹೊಲಿಯೋದು ನಮಗ ಹೊಸಾದೇನು? ಇದನ್ನ ಕಲಿಯಾಕ ಅಮೇರಿಕಾಕ್ಕ ಬರಬೇಕಿತ್ತೇನೋ?" ಕೌದಿಯ ರೂಢಿಯಂತೆ ನಡುವೆಲ್ಲ ಸಾಲುಹೊಲಿಗೆ ಹಾಕಲು ಹೊರಟಾಗ ಮಗ ಕೈಮುಗಿದ: "ಅಂಚಿಗಷ್ಟ ಹಾಕಬೇ, ನಡುವ ಹೊಲಿದ್ರ ತುಪ್ಪುಳ ಉಬ್ಬಂಗಿಲ್ಲ." ಅವ್ವ ಒಪ್ಪಿದರು. ಅಂಚಿಗೆ ಮಾತ್ರ ಹಳೆಯ ಇಳಕಲ್ ಸೀರೆಯ ದಡಿ ಕೂರಿಸಿದರು. 38 ಗ್ರಾಂ! ಬಿಚ್ಚುವ ಧೈರ್ಯ ಇವನಿಗಿಲ್ಲ.

ದಡಿ ಕಳೆದು ಉಳಿತಾಯ 400 ಗ್ರಾಂ. ಆದರೆ ಚಾರಣಕ್ಕೆ ಆರಿಸಿದ್ದ ಯೊಸೆಮಿಟಿಯ ಕಾಡಲ್ಲಿ ಊಟವನ್ನು ಕರಡಿ ತೆರೆಯಲಾಗದ ಡಬ್ಬಿಯಲ್ಲಿಡುವುದು ಕಡ್ಡಾಯ. ಡಬ್ಬಿಯೇ ಸುಮಾರು ಒಂದು ಕಿಲೋ. ಅದರೊಳಗೆ ಅವ್ವ ಅರ್ಧ ಕಿಲೋ ಶೇಂಗಾ ಚಟ್ನಿಪುಡಿ ತುರುಕಿದರು. ಅದನ್ನು ಮಾತ್ರ ಅವನು ತಕ್ಕಡಿಗಿಡಲಿಲ್ಲ.

ಈಗ ಅವನ ಕಣ್ಣು ನನ್ನ ಬ್ಯಾಗಿನ ಮೇಲಿದೆ. ನಿಮ್ಮಲ್ಲೂ ಒಂದಿದ್ದರೆ, ಅವನು ಬರುವಷ್ಟರಲ್ಲಿ ಬಚ್ಚಿಡಿ.