ಕೋರ್ಟು ಹತ್ತಿದ ಶಿರಸ್ತೇದಾರರು

ಬದುಕಿನ ಬಹುಪಾಲನ್ನು ಕಂದಾಯ ಇಲಾಖೆಯ ಕಡತಗಳ ನಡುವೆ ಸವೆಸಿ, ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರೊಬ್ಬರು ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಪ್ಯಾಡೆಲ್ ಕೋರ್ಟಿಗೆ ಬರುತ್ತಾರೆ. ಬೆಂಗಳೂರಿನಲ್ಲಿ ಈ ಆಟದ ಹುಚ್ಚು ಹತ್ತಿಸಿಕೊಂಡವರಿಗೆಲ್ಲ ಇಂಥವರೊಬ್ಬರು ಸಿಕ್ಕೇ ಇರುತ್ತಾರೆ. ಗುರುತು ಸುಲಭ: ತಲೆಗೆ ಮಂಕಿ ಟೋಪಿ, ಮೊಣಕಾಲಿಗೆ ಪಟ್ಟಿ, ಮುಖದಲ್ಲಿ ‘ನಾಳೆ ಬನ್ನಿ’ ಎಂಬ ಶಾಂತ ಕಳೆ.

ಈ ಆಟ 1969ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ, ಎನ್ರಿಕೆ ಕೊರ್ಕುಯೆರಾ ಎಂಬ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿತು. 20 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳ, ಸುತ್ತ ಗಾಜಿನ ಗೋಡೆ ಮತ್ತು ಜಾಲರಿ, ಇಬ್ಬರಿಗೆ ಇಬ್ಬರು ಎದುರಾಳಿಗಳು. ನೆಲಕ್ಕೆ ಒಮ್ಮೆ ಬಿದ್ದ ಚೆಂಡು ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದರೂ ಹೊಡೆಯಬಹುದು. ಅಂದರೆ, ವಜಾ ಆಯಿತೆಂದುಕೊಂಡ ಅರ್ಜಿಗೂ ಇಲ್ಲಿ ಮೇಲ್ಮನವಿ ಉಂಟು. ನಿಯಮ ಕೇಳಿದ ಕ್ಷಣವೇ ಶಿರಸ್ತೇದಾರರಿಗೆ ಇದು ತಮ್ಮದೇ ಆಟ ಅನ್ನಿಸಿತಂತೆ.

ಅವರ ಎದುರು ನಿಲ್ಲುವವರು ನನ್ನಂಥ ಸಾಫ್ಟ್‌ವೇರ್ ಹುಡುಗರು. ಜಿಮ್ಮಿನಲ್ಲಿ ಬೆಳೆಸಿದ ತೋಳು, ಸಾವಿರಾರು ರೂಪಾಯಿಯ ಬ್ಯಾಟು, ಮೂರನೇ ಹೊಡೆತದಲ್ಲಿ ಪಾಯಿಂಟ್ ಮುಗಿಸಬೇಕೆಂಬ ತುರಿಕೆ. ನಾವು ನೆಟ್ಟಿನ ಹತ್ತಿರ ನಿಂತು ಗುಡುಗುತ್ತೇವೆ. ಅವರು ಹಿಂದೆ ನಿಂತು ಚೆಂಡನ್ನು ನಮ್ಮ ತಲೆಯ ಮೇಲಿಂದ, ಎಡಭುಜದ ಕಡೆಗೆ ಎತ್ತಿ, ಮೂಲೆಗೆ ಇಳಿಸುತ್ತಾರೆ. ಇದಕ್ಕೆ ಲಾಬ್ ಎನ್ನುತ್ತಾರೆ. ಶಿರಸ್ತೇದಾರರ ಭಾಷೆಯಲ್ಲಿ ‘ಕಡತ ಹಿಂದಿನ ಮೇಜಿಗೆ’. ಕಡತದ ಹಿಂದೆ ನಾವು ಓಡುತ್ತೇವೆ. ತಿರುಗಿ ನೋಡುವಷ್ಟರಲ್ಲಿ ಅವರೂ ಅವರ ಜೊತೆಗಾರರೂ ನಮ್ಮ ಹಾಗೆಯೇ ನೆಟ್ಟಿನ ಬಳಿ ಬಂದು ನಿಂತಿರುತ್ತಾರೆ. ಈ ಆಟದಲ್ಲಿ ನೆಟ್ಟೇ ಕುರ್ಚಿ. ಅದನ್ನು ಹಿಡಿದವನದೇ ಅಧಿಕಾರ.

ನಾವು ಮತ್ತೆ ನೆಟ್ಟಿಗೆ ಬಂದೆವೋ, ಈ ಸಲ ಚೆಂಡು ಮೆತ್ತಗೆ ನಮ್ಮ ಕಾಲ ಬುಡಕ್ಕೆ ಬರುತ್ತದೆ. ಬಗ್ಗಿ ಮೇಲೆತ್ತದೆ ಗತಿಯಿಲ್ಲ. ಎತ್ತಿದರೆ ಅವರಿಗೆ ಸುಲಭದ ತುತ್ತು. ಅದೂ ಬೇಡವೆಂದರೆ ನಮ್ಮಿಬ್ಬರ ನಟ್ಟನಡುವೆ ಒಂದು ಚೆಂಡು. ನಾನು ‘ನಿಂದು’ ಅನ್ನುತ್ತೇನೆ, ಗೆಳೆಯ ‘ನಿಂದು’ ಅನ್ನುತ್ತಾನೆ, ಚೆಂಡು ಇಬ್ಬರಿಗೂ ಸಲ್ಲದೆ ಹಾದುಹೋಗುತ್ತದೆ. ‘ಎರಡು ಇಲಾಖೆ ಇದ್ದ ಕಡೆ ಅರ್ಜಿಯನ್ನ ಮಧ್ಯಕ್ಕೆ ಹಾಕಬೇಕಪ್ಪಾ. ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಇಬ್ಬರೂ ಬರೀತಾರೆ’ ಎಂದು ಅವರು ಕನ್ನಡಕ ಒರೆಸಿಕೊಳ್ಳುತ್ತಾರೆ.

ಒಂದು ದಿನ ನಾನು ರೇಗಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಸ್ಮ್ಯಾಶ್ ಹೊಡೆದೆ. ನೆಲಕ್ಕೆ ಬಿದ್ದು ಪುಟಿದ ಚೆಂಡು 4 ಮೀಟರಿನ ಹಿಂಗೋಡೆಯನ್ನು ದಾಟಿದ್ದರೆ ಪಾಯಿಂಟ್ ನನ್ನದೇ. ದಾಟಲಿಲ್ಲ. ಗಾಜಿಗೆ ಬಡಿದ ಚೆಂಡು ಅಷ್ಟೇ ರಭಸದಲ್ಲಿ ಮುಂದಕ್ಕೆ ಚಿಮ್ಮಿ ಅವರ ಬ್ಯಾಟಿನ ಬುಡಕ್ಕೇ ಬಂತು. ‘ನೋಡಪ್ಪಾ, ಶಿಫಾರಸು ಜಾಸ್ತಿ ಜೋರಾದ್ರೆ ಆಕ್ಷೇಪಣೆ ಹಾಕಿ ವಾಪಸ್ ಬರತ್ತೆ’ ಎಂದರು. ಅವರಿಗೂ ಎತ್ತರದ ಚೆಂಡು ಸಿಗುತ್ತದೆ, ಚಚ್ಚುವುದಿಲ್ಲ. ಬಂದೇಹ ಹೊಡೆಯುತ್ತಾರೆ. ಸ್ಪ್ಯಾನಿಷಿನಲ್ಲಿ ಹಾಗೆಂದರೆ ತಟ್ಟೆ. ದರ್ಶಿನಿಯ ಹುಡುಗ ತುಂಬಿದ ತಟ್ಟೆ ಒಯ್ಯುವ ಹಾಗೆ ಬ್ಯಾಟನ್ನು ಮೇಲೆ ಹಿಡಿದು, ಚೆಂಡನ್ನು ಸವರಿ, ಮೂಲೆಗೆ ತಲುಪಿಸುವುದು. ಅಲ್ಲಿಂದ ಅದು ಗಾಜಿಗೆ ತಗುಲಿ ಏಳುವುದೇ ಇಲ್ಲ. ಪಾಯಿಂಟ್ ಬಂತೇ? ಇಲ್ಲ. ಕುರ್ಚಿ ಉಳಿಯಿತು, ಅಷ್ಟೇ.

‘ಸಾರ್, ನೀವು ಗೆಲ್ಲೋದಕ್ಕೆ ಹೊಡೆಯೋದೇ ಇಲ್ವಲ್ಲ?’ ಎಂದೆ.

‘ನಾನ್ಯಾಕೆ ಹೊಡೀಲಿ? ಹತ್ತು ಸಲ ಓಡಾಡಿಸಿದ್ರೆ ಹನ್ನೊಂದನೇ ಸಲ ನೀವೇ ನೆಟ್ಟಿಗೆ ಹೊಡ್ಕೋತೀರಿ. ಕಚೇರೀಲೂ ಹಾಗೇ. ನಾನು ಯಾರ ಅರ್ಜೀನೂ ತಿರಸ್ಕರಿಸಿದೋನಲ್ಲ. ಅವರೇ ಬರೋದು ಬಿಟ್ರು.’

ಅರ್ಜೆಂಟೀನಾದ ಫರ್ನಾಂಡೊ ಬೆಲಸ್ಟೆಗಿನ್ ಸತತ 16 ವರ್ಷ ವಿಶ್ವದ ಮೊದಲ ಸ್ಥಾನದಲ್ಲಿದ್ದರೆಂದು ಒಮ್ಮೆ ಹೇಳಿದೆ. ಶಿರಸ್ತೇದಾರರು ಆಟ ನಿಲ್ಲಿಸಿ ಕೈಮುಗಿದರು. ‘ಹದಿನಾರು ವರ್ಷ! ವರ್ಗಾವಣೆ ಇಲ್ಲದೆ ಒಂದೇ ಕುರ್ಚಿ! ಪುಣ್ಯಾತ್ಮ!’

ಅವರಲ್ಲಿ ದೋಷವಿಲ್ಲವೆಂದಲ್ಲ. ಸ್ಕೋರು ತಪ್ಪಿದರೆ ಮೂರು ಗೇಮ್ ಹಿಂದಿನ ದಾಖಲೆ ತೆಗೆಯುತ್ತಾರೆ. ಗೆದ್ದ ಮೇಲೆ ಕಾಫಿಯ ಬಿಲ್ಲು ಬಂದಾಗ ಅದನ್ನೂ ನಮ್ಮಿಬ್ಬರ ನಡುವೆ ಇಡುತ್ತಾರೆ. ಆದರೂ ಒಂದು ಮಾತು ಒಪ್ಪಬೇಕು: ಅವಸರ ನಮ್ಮದು, ಕೋರ್ಟು ಅವರದು.

ನಿಮ್ಮ ಪಾಲಿಗೂ ಇಂಥವರು ಎದುರಾದರೆ ಬ್ಯಾಟು, ಬೂಟು ಯಾವುದಾದರೂ ಆದೀತು. ಕೋರ್ಟನ್ನು ಮಾತ್ರ ಒಂದು ಗಂಟೆಗೆ ಬುಕ್ ಮಾಡಬೇಡಿ. ಎರಡು ಗಂಟೆಗೆ ಮಾಡಿ.