ಎನ್‌ಒಸಿ ಕಾಕಾ

ಬೀದರಿನಲ್ಲಿ ಹೊಸ ಪ್ಲಾಟು ನೋಡಲು ಹೋದವರು ಮೊದಲು ನೆಲ ನೋಡುತ್ತಾರೆ. ಮುಖ ಪೂರ್ವಕ್ಕಿದೆಯೇ, ಮುಂದಿನ ರಸ್ತೆ ಎಷ್ಟು ಅಡಿ, ಬೋರಿಗೆ ನೀರು ಬಿದ್ದೀತೇ. ಎನ್‌ಒಸಿ ಕಾಕಾ ಮಾತ್ರ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಾರೆ. ಆಮೇಲೆ ಒಂದೇ ಪ್ರಶ್ನೆ: "ಮ್ಯಾಗ ಎಲ್ಲಿ ತನಕ ಹೋಗ್ತೀರಿ?"

ಸರ್ಕಾರ ಅವರನ್ನು ಈ ಕೆಲಸಕ್ಕೆ ನೇಮಿಸಿಲ್ಲ. ಮನೆಯ ನಕ್ಷೆ ಬರೆದು, ಎತ್ತರದ ಎನ್‌ಒಸಿಗೆ ಅರ್ಜಿ ತುಂಬಿ ಕೊಡುತ್ತ ಕೊಡುತ್ತ ತಾವೇ ಅರ್ಧ ಪೈಲಟ್ ಆದವರು. ವಾಯುಪಡೆಯ ತರಬೇತಿ ನೆಲೆ ಇರುವ ಊರಲ್ಲಿ ಇಂಥವರು ಹುಟ್ಟದಿದ್ದರೇ ಆಶ್ಚರ್ಯ. 1996ರಲ್ಲಿ ಇಲ್ಲೇ ಹುಟ್ಟಿದ ಸೂರ್ಯಕಿರಣ ತಂಡದ ವಿಮಾನಗಳು ತಾಲೀಮಿಗೆ ಏಳುವಾಗ ಉಳಿದವರು ಮಕ್ಕಳನ್ನು ಎತ್ತಿ ತೋರಿಸಿದರೆ, ಕಾಕಾ ಪಕ್ಕದ ಮನೆಯ ನೀರಿನ ಟಾಕಿ ನೋಡಿ ನಿಟ್ಟುಸಿರು ಬಿಡುತ್ತಾರೆ. 2020ರ ಫೆಬ್ರವರಿ 7ರಂದು ಬೆಂಗಳೂರಿನ ಮೊದಲ ನಾಗರಿಕ ವಿಮಾನ ಬಂದಿಳಿದ ಮೇಲಂತೂ ಅವರ ದನಿ ಒಂದು ಪಟ್ಟು ಗಂಭೀರವಾಯಿತು.

ಅವರ ಲೆಕ್ಕವೇನೂ ಸುಳ್ಳಲ್ಲ, ಅದೇ ತೊಂದರೆ. 2015ರ ನಿಯಮದ ಪ್ರಕಾರ ನಿಲ್ದಾಣದಿಂದ 20 ಕಿ.ಮೀ. ಒಳಗೆ ಎತ್ತರಕ್ಕೆ ಒಪ್ಪಿಗೆ ಬೇಕು; ನೆಲೆ ಸೇನೆಯದಾದರೆ ಒಪ್ಪಿಗೆ ಕೊಡುವವರೂ ಸೇನೆಯವರೇ. ದೊಡ್ಡ ರನ್‌ವೇಯ ಸುತ್ತ 4 ಕಿ.ಮೀ. ತನಕ ಆಕಾಶದಲ್ಲಿ 45 ಮೀಟರ್ ಎತ್ತರಕ್ಕೆ ಕಾಣದ ಛತ್ತೊಂದಿದೆ. ವಿಮಾನ ಇಳಿದು ಬರುವ ದಿಕ್ಕಿನಲ್ಲಿ ಆ ಛತ್ತು 50 ಮೀಟರಿಗೆ 1 ಮೀಟರಿನಂತೆ ಇಳಿಯುತ್ತ ನೆಲಕ್ಕೆ ಬರುತ್ತದೆ. ಕಾಕಾ ಇದನ್ನು ಹೇಳುವಾಗ ಅಂಗೈ ಓರೆ ಮಾಡಿ ಚಹಾದ ಕಪ್ಪಿನ ಮೇಲೆ ಇಳಿಸುತ್ತಾರೆ. ಎಷ್ಟೋ ಕಪ್ಪು ಉರುಳಿವೆ.

ಗಿರಾಕಿ "ಎರಡೇ ಮಾಳಿಗಿ ರೀ" ಅಂದರೆ ಕಾಕಾ ನಗುತ್ತಾರೆ. ಮೆಟ್ಟಿಲ ಕೋಣೆ? ಅದರ ಮೇಲಿನ ಟಾಕಿ? ಟಾಕಿಯ ಪಕ್ಕದ ಡಿಶ್ಶು? ಸಿಡಿಲು ತಡೆಯುವ ಸರಳು? ತುದಿ ಎಂದರೆ ತುದಿ. ಅದೂ ಸಮುದ್ರಮಟ್ಟದಿಂದ ಅಳೆಯಬೇಕು. ಬೀದರಿನ ನೆಲವೇ ಸುಮಾರು 660 ಮೀಟರ್. ಮನೆ 12 ಸೇರಿದರೆ 672. ಒಬ್ಬ ಸೋಯಾ ವ್ಯಾಪಾರಿ ಆ ಅಂಕಿ ಕೇಳಿ, ಎನ್‌ಒಸಿಯ ಚಿಂತೆ ಬಿಟ್ಟು, ಹೈದರಾಬಾದಿನ ಭಾವನಿಗೆ ಅಲ್ಲೇ ಫೋನು ಹಚ್ಚಿದ: "ನಮ್ ಮನಿ 672 ಮೀಟರ್ ಬರ್ಲತ್ತದ. ನಿಮ್ಮದೆಷ್ಟು?"

ಕಾಕಾನ ಖಾಯಂ ವೈರಿ ವಾಸ್ತು ಪಂಡಿತ. ನೈಋತ್ಯ ಮೂಲೆಯೇ ಎಲ್ಲಕ್ಕಿಂತ ಎತ್ತರವಿರಬೇಕು, ಟಾಕಿ ಅಲ್ಲೇ ಏರಬೇಕು ಎಂದು ಪಂಡಿತ; ಆ ಮೂಲೆಯೇ ರನ್‌ವೇ ಕಡೆಗಿದೆ ಎಂದು ಕಾಕಾ. ನಡುವೆ ಮಾಲೀಕ, ಕೆಳಗೆ ತಾಸಿನ ಲೆಕ್ಕದಲ್ಲಿ ಬಾಡಿಗೆ ಓಡುತ್ತಿರುವ ಕಾಂಕ್ರೀಟ್ ಮಿಕ್ಸರ್.

ಊಟಕ್ಕೆ ಕರೆದರೂ ಸುಖವಿಲ್ಲ. ಮದುವೆ ಮಂಟಪದ ಹಿಂದೆ ಎಂಜಲೆಲೆ ರಾಶಿ ಬಿದ್ದರೆ 1937ರ ವಿಮಾನ ನಿಯಮಗಳಲ್ಲಿ 91ನೆಯದನ್ನು ಬಾಯಿಪಾಠ ಒಪ್ಪಿಸುತ್ತಾರೆ: ನಿಲ್ದಾಣದ 10 ಕಿ.ಮೀ. ಒಳಗೆ ಬಯಲಲ್ಲಿ ಕಸ ಸುರಿಯುವಂತಿಲ್ಲ, ಪ್ರಾಣಿ ಕೊಯ್ದು ಸುಲಿಯುವಂತಿಲ್ಲ. ಎಂಜಲಿಗೆ ಹದ್ದು, ಹದ್ದಿಗೆ ಇಂಜಿನ್ನು. ಬೀಗರು ಕೈಯಲ್ಲಿದ್ದ ತುಂಡನ್ನು ಬಾಯಿಗಿಡುವುದೋ ಬಿಡುವುದೋ ತಿಳಿಯದೆ ಕೂರುತ್ತಾರೆ. ಮಹಮೂದ್ ಗವಾನನ ಮದರಸಾವೊಂದನ್ನು ಮಾತ್ರ ಕಾಕಾ ಕ್ಷಮಿಸಿದ್ದಾರೆ. ಅದರ ಮಿನಾರು 1472ರದ್ದು, ವಿಮಾನ ಆಮೇಲೆ ಬಂದದ್ದು. ಆದರೂ ಆ ಕಡೆ ಹಾಯುವಾಗ ಒಮ್ಮೆ ಕಣ್ಣಲ್ಲೇ ಅಳೆಯುತ್ತಾರೆ.

ಇಂಥ ಮನುಷ್ಯನಿಗೆ ಔರಾದಿಗೆ ಹೋಗುವುದೆಂದರೆ ಶಿಕ್ಷೆ. ಅದು 20 ಕಿ.ಮೀ. ಗೆರೆಯ ಆಚೆ. ನೆಲದಿಂದ 150 ಮೀಟರ್ ದಾಟಿದರೆ ಎಲ್ಲಿದ್ದರೂ ಅಡ್ಡಿಯೇ ಎಂಬ ಅಂತಾರಾಷ್ಟ್ರೀಯ ಸೂತ್ರವೊಂದಿದೆ ನಿಜ. ಆದರೆ ಔರಾದಿನಲ್ಲಿ ಅಷ್ಟು ಎತ್ತರಕ್ಕೆ ತೊಗರಿಯ ರೇಟೂ ಏರಿಲ್ಲ. ಅಮರೇಶ್ವರನ ಜಾತ್ರೆಗೆ ಹೋದವರು ತೊಟ್ಟಿಲ ಚಕ್ರದ ಕೆಳಗೆ ನಿಂತು, ಯಾರಾದರೂ ಕೇಳಿಯಾರೇ ಎಂದು ಕಾಯುತ್ತಾರೆ. ಯಾರೂ ಕೇಳುವುದಿಲ್ಲ. ಕೊನೆಗೆ ಮೊಬೈಲ್ ಟವರ್ ಕಂಡು, ಅದಕ್ಕೆ ದಿಲ್ಲಿಯ ಬೇರೆ ಒಪ್ಪಿಗೆ ಇರುತ್ತದೆಂದು ಕಡಲೆ ಮಾರುವವನಿಗೆ ವಿವರಿಸಿದ ಮೇಲೆ ಜೀವ ಬರುತ್ತದೆ.

ಭಾಲ್ಕಿಯಲ್ಲಿ ಮಾತ್ರ ಬೇರೆಯೇ ಆಯಿತು. ಮನೆ ಕಟ್ಟಿಸುತ್ತಿದ್ದ ಗುತ್ತಿಗೆದಾರನಿಗೆ ಕಾಕಾ ಮನಸ್ಸಿಲ್ಲದ ಮನಸ್ಸಿನಿಂದ ನಿಜ ಹೇಳಿದರು: "ನಿಮಗ ಎನ್‌ಒಸಿ ಬೇಕಾಗಿಲ್ರಿ, ದೂರ ಆಯ್ತು." ಆತನ ಮುಖ ಸಣ್ಣದಾಯಿತು.

"ಅಲ್ರಿ ಕಾಕಾ, ಬೀದರಿನಾಗ ಇರೋ ನಮ್ ತಮ್ಮನ ಮನಿಗಿ ಏರ್‌ಫೋರ್ಸಿನವ್ರು ಕಾಗದ ಕೊಟ್ಟಾರ. ನಾ ಮೂರು ಮಾಳಿಗಿ ಕಟ್ಲತ್ತೀನಿ, ನನಗ ಕೇಳೋರೇ ಇಲ್ಲ ಅಂದ್ರ ಮರ್ಯಾದಿ ಏನು ಉಳೀತು?"

ಕಾಕಾ ಚೀಲದಿಂದ ಬಿಳಿ ಹಾಳೆ ತೆಗೆದರು. ಈ ಮನೆಯಿಂದ ಯಾವ ವಿಮಾನಕ್ಕೂ ಅಡ್ಡಿಯಿಲ್ಲವೆಂದು ಅಚ್ಚುಕಟ್ಟಾಗಿ ಬರೆದು ರುಜು ಹಾಕಿದರು. ಗುತ್ತಿಗೆದಾರ ಎರಡು ಸಲ ಓದಿ, ಎತ್ತರದ ಅಂಕಿ ಮೇಲೆ ಬೆರಳಿಟ್ಟ: "ಇದರಾಗ ಒಂದೆರಡು ಮೀಟರ್ ಹೆಚ್ಚಿಗಿ ಬರೀರಿ. ತಮ್ಮಂದಕ್ಕಿಂತ ಕಮ್ಮಿ ಆಗ್ಬಾರದು."