ಕೆಂಪು ಟೋಪಿ ಮಹಾಶಯರ ಸಿಂಗಪುರ ಯಾತ್ರೆ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಮಹಡಿಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ತಲೆಯ ಮೇಲೆ ಫೆರಾರಿಯ ಕೆಂಪು ಟೋಪಿ, ಮೊಬೈಲಿನ ರಿಂಗ್‌ಟೋನಿನಲ್ಲಿ ಎಂಜಿನ್ ಸದ್ದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆಯಿಂದ ಅಲುಗಾಡದ ಪುಟ್ಟ ಕಾರು, ಬಾಯಲ್ಲಿ ಮಾತ್ರ ಗಂಟೆಗೆ ಮುನ್ನೂರು ಕಿಲೋಮೀಟರಿನ ಮಾತು. ಆಟೋದವನೊಬ್ಬ ಎಡಕ್ಕೆ ನುಗ್ಗಿ, ಫುಟ್‌ಪಾತ್ ಹತ್ತಿಸಿ ಮುಂದೆ ಹೋದರೆ ಮಿಕ್ಕವರು ಬೈಯುತ್ತಾರೆ. ಮಹಾಶಯರು ಬೈಯುವುದಿಲ್ಲ. "ಓವರ್‌ಟೇಕ್ ಚೆನ್ನಾಗಿತ್ತು. ಆದ್ರೆ ಟ್ರ್ಯಾಕ್ ಲಿಮಿಟ್ ದಾಟ್ದ, ಐದು ಸೆಕೆಂಡ್ ಪೆನಾಲ್ಟಿ" ಎಂದು ತೀರ್ಪು ಕೊಡುತ್ತಾರೆ. ಪೆಟ್ರೋಲ್ ಬಂಕಿಗೆ ತಿರುಗಿಸುವಾಗ, ಓಟದ ಚಾಲಕನನ್ನು ಟೈರು ಬದಲಿಸಲು ಒಳಗೆ ಕರೆಯುವ ಧಾಟಿಯಲ್ಲಿ, "ಬಾಕ್ಸ್, ಬಾಕ್ಸ್" ಎಂದು ತಮಗೆ ತಾವೇ ಆಜ್ಞೆ ಮಾಡಿಕೊಳ್ಳುತ್ತಾರೆ. ಪಕ್ಕದ ಸೀಟಿನ ಹೆಂಡತಿ ಕಿಟಕಿಯಾಚೆ ನೋಡುತ್ತಾರೆ.

ಎಂದಿನಿಂದ ಈ ಫಾರ್ಮುಲಾ ಒನ್ ಭಕ್ತಿ ಎಂದು ಕೇಳಿದರೆ "ಶೂಮಾಕರ್ ಕಾಲದಿಂದ" ಎಂಬ ಉತ್ತರ ಸಿದ್ಧವಾಗಿದೆ. ಮನೆಯವರ ಪ್ರಕಾರ 2019ರಿಂದ. ಆ ವರ್ಷವೇ ನೆಟ್‌ಫ್ಲಿಕ್ಸಿನಲ್ಲಿ ಈ ಓಟಗಳ ಸರಣಿ 'ಡ್ರೈವ್ ಟು ಸರ್ವೈವ್' ಶುರುವಾದದ್ದು. ಅದಕ್ಕೆ ಮುಂಚೆ ಇವರಿಗೆ ಟೈರೆಂದರೆ ಪಂಕ್ಚರ್ ಆದಾಗ ಬಗ್ಗಿ ನೋಡುವ ವಸ್ತು ಅಷ್ಟೇ. ಈಗ ಬಿಳಿ ಪಟ್ಟಿ ಗಟ್ಟಿ, ಹಳದಿ ಮಧ್ಯಮ, ಕೆಂಪು ಮೆದು, ಹಸಿರು ತುಂತುರಿಗೆ, ನೀಲಿ ಜಡಿಮಳೆಗೆ ಎಂದು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ. "ಆ ವಿ10 ಎಂಜಿನ್ನಿನ ಸದ್ದೇ ಸದ್ದು, ಈಗಿನ ಹೈಬ್ರಿಡ್ ಏನು ಬಿಡಿ" ಎಂದು ನಿಟ್ಟುಸಿರಿಡುವುದೂ ಉಂಟು. ವಿ10 ಕಾಲ ಮುಗಿದದ್ದು 2005ರಲ್ಲಿ. ಆಗ ಮಹಾಶಯರು ಸಿಇಟಿಗೆ ಓದುತ್ತಿದ್ದರು.

2011ರ ಸೆಪ್ಟೆಂಬರ್ ಕೊನೆಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಬೆಂಗಳೂರಿಗೆ ಬಂದು ನೈಸ್ ರಸ್ತೆಯಲ್ಲಿ ಮೆಕ್‌ಲಾರೆನ್ ಕಾರು ಓಡಿಸಿ, ಹೊಗೆಯೆಬ್ಬಿಸಿ ಹೋಗಿದ್ದರಷ್ಟೆ. ಅಂದು ತಾವೂ ಅಲ್ಲಿದ್ದೆವೆಂದು ಈಗ ಹೇಳಿಕೊಳ್ಳುವವರನ್ನೆಲ್ಲ ಒಟ್ಟುಗೂಡಿಸಿದರೆ ನೈಸ್ ರಸ್ತೆ ಸಾಲದು, ವರ್ತುಲ ರಸ್ತೆಯೂ ಬೇಕು. ಮಹಾಶಯರೂ ಅವರಲ್ಲೊಬ್ಬರು.

ಇವರ ತಂಡದ ಆಯ್ಕೆಯೂ ಬೆಂಗಳೂರಿನವರಿಗೆ ತಕ್ಕುದೇ. ಫೆರಾರಿಯ ಚಾಲಕನೊಬ್ಬ ಕೊನೆಯದಾಗಿ ವಿಶ್ವ ಚಾಂಪಿಯನ್ ಆದದ್ದು 2007ರಲ್ಲಿ, ಕಿಮಿ ರೈಕೊನೆನ್. ತಂಡದ ಪ್ರಶಸ್ತಿ ಕೊನೆಯದಾಗಿ ಬಂದದ್ದು 2008ರಲ್ಲಿ. ಅದೇ 2008ರಲ್ಲಿ ಆರ್‌ಸಿಬಿ ಹುಟ್ಟಿತು. 'ಈ ಸಲ ಕಪ್ ನಮ್ದೇ' ಎನ್ನುತ್ತ ಹದಿನೇಳು ವರ್ಷ ಕಳೆದವರಿಗೆ ಫೆರಾರಿಯ ಮೇಲೆ ಪ್ರೀತಿ ಹುಟ್ಟಿಸಲು ಬೇರೆ ತರಬೇತಿ ಬೇಕಾಗಿಲ್ಲ. ಮಹಾಶಯರಿಗೆ ಮೊದಲು ಫೋರ್ಸ್ ಇಂಡಿಯಾದ ಮೇಲೂ ಕಣ್ಣಿತ್ತಂತೆ. ಆ ತಂಡವೂ 2008ರಲ್ಲೇ ಕಣಕ್ಕಿಳಿದದ್ದು. ಆರ್‌ಸಿಬಿ ಕೊಂಡ ವಿಜಯ್ ಮಲ್ಯರೇ ಅದನ್ನೂ ನಡೆಸುತ್ತಿದ್ದರು. 2018ರ ಜುಲೈನಲ್ಲಿ, ಹಂಗೇರಿಯ ಓಟದ ವಾರಾಂತ್ಯದಲ್ಲೇ, ಸಾಲದ ಭಾರಕ್ಕೆ ಅದು ಆಡಳಿತಾಧಿಕಾರಿಗಳ ಕೈಸೇರಿತು. ಈಗ ಅದೇ ತಂಡ ಆಸ್ಟನ್ ಮಾರ್ಟಿನ್ ಎಂಬ ಹೆಸರಿನಲ್ಲಿ ಹಸಿರು ಬಣ್ಣ ಬಳಿದುಕೊಂಡು ಓಡುತ್ತಿದೆ. ಆ ಕಾಲದ ಟೀಶರ್ಟು ಮಹಾಶಯರ ಮನೆಯಲ್ಲಿ ಕಾರು ಒರೆಸಲು ಬಳಕೆಯಾಗುತ್ತಿದೆ.

ಹೀಗೆ ಟಿವಿಯ ಮುಂದೆ ಮಾಗಿದ ಭಕ್ತಿಗೆ ಒಂದು ಯಾತ್ರೆ ಬೇಡವೇ? ನಮ್ಮಲ್ಲೇ ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ಮೂರು ಓಟ ನಡೆದವು, ಮೂರನ್ನೂ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು, ಆಮೇಲೆ ತೆರಿಗೆಯ ಜಗಳದಲ್ಲಿ ಎಲ್ಲ ನಿಂತಿತು. ಮಲೇಷ್ಯಾದ ಸೆಪಾಂಗ್ ಓಟ 2017ಕ್ಕೆ ಮುಗಿಯಿತು. ಉಳಿದದ್ದರಲ್ಲಿ ಬೆಂಗಳೂರಿಗೆ ಕೈಗೆಟುಕುವುದು, ವಿಮಾನದಲ್ಲಿ ನಾಲ್ಕೂವರೆ ಗಂಟೆ ದೂರದ ಸಿಂಗಪುರ. ಫಾರ್ಮುಲಾ ಒನ್‌ನ ಮೊಟ್ಟಮೊದಲ ರಾತ್ರಿ ಓಟ 2008ರಲ್ಲಿ ನಡೆದದ್ದು ಅಲ್ಲೇ, ಮರೀನಾ ಬೇ ಸುತ್ತಿನ ಊರ ಬೀದಿಗಳಲ್ಲಿ. 2023ರಲ್ಲಂತೂ ವರ್ಷವಿಡೀ ಎಲ್ಲ ಓಟಗಳನ್ನೂ ರೆಡ್ ಬುಲ್ ಗೆದ್ದುಕೊಂಡರೆ, ಅದರ ಕೈತಪ್ಪಿದ ಒಂದೇ ಒಂದು ಓಟ ಸಿಂಗಪುರದ್ದು. ಗೆದ್ದದ್ದು ಫೆರಾರಿಯ ಕಾರ್ಲೋಸ್ ಸೈನ್ಸ್. ಆ ರಾತ್ರಿ ಸೋಫಾದ ಮೇಲೆ ಕುಣಿದ ಮಹಾಶಯರು 2024ಕ್ಕೆ ಟಿಕೆಟ್ ತೆಗೆದೇಬಿಟ್ಟರು.

ಟಿಕೆಟಿನ ಬೆಲೆಯನ್ನು ಅಮ್ಮನಿಗೆ ಹೇಳಲಿಲ್ಲ. ಕಾರಿನ ಚಿತ್ರ ಮಾತ್ರ ತೋರಿಸಿದರು. ಅಮ್ಮ ಕನ್ನಡಕ ಏರಿಸಿ ನೋಡಿದರು.

"ಚಕ್ರವೆಲ್ಲ ಆಚೆಗೇ ಇದೆಯಲ್ಲೋ. ಅಷ್ಟು ದುಡ್ಡು ಸುರಿದು ಮಾಡಿದ ಕಾರಿಗೆ ಒಂದು ಮಡ್‌ಗಾರ್ಡ್ ಹಾಕಕ್ಕೆ ಆಗ್ಲಿಲ್ವಂತಾ?"

"ಅಮ್ಮಾ, ಓಪನ್ ವೀಲ್ ಅಂದ್ರೇನೇ ಹಂಗೆ."

"ಇರ್ಲಿ. ಮಳೆ ಬಂದ್ರೆ ಹಿಂದಿನವನ ಮುಖಕ್ಕೆ ರಾಚತ್ತೆ."

ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 2017ರಲ್ಲಿ ಸಿಂಗಪುರದ ಓಟ ಮೊದಲ ಬಾರಿಗೆ ಮಳೆಯಲ್ಲಿ ಶುರುವಾದಾಗ ಎರಡೂ ಫೆರಾರಿಗಳು, ವರ್ಸ್ಟಾಪನ್‌ನ ರೆಡ್ ಬುಲ್ ಸಮೇತ, ಮೊದಲ ತಿರುವಿನ ಆಸುಪಾಸಿನಲ್ಲೇ ಒಂದಕ್ಕೊಂದು ಗುದ್ದಿಕೊಂಡು ಮನೆಗೆ ಹೋಗಿದ್ದವು.

ಸಿಂಗಪುರದಲ್ಲಿ ಇಳಿದುಕೊಳ್ಳಲು ಚಿಕ್ಕಪ್ಪನ ಮಗನ ಫ್ಲ್ಯಾಟಿದೆ. ಅವನು ಅಲ್ಲಿ ನೆಲೆಸಿ ಬಹಳ ವರ್ಷವಾಯಿತು. ಕನ್ನಡ ಸಂಘದ ಕಾರ್ಯಕ್ರಮ ಒಂದನ್ನೂ ತಪ್ಪಿಸಿದವನಲ್ಲ, ಆದರೆ ಓಟವನ್ನು ಒಮ್ಮೆಯೂ ನೋಡಿಲ್ಲ. "ಅಣ್ಣಾ, ನಮಗೆ ಅದು ರಸ್ತೆ ಬಂದ್ ಆಗೋ ವಾರ ಅಷ್ಟೇ. ಆಫೀಸಿಂದ ಮನೆಗೆ ಬರೋಷ್ಟರಲ್ಲಿ ಸಾಕಾಗತ್ತೆ" ಎಂದ. ಊರಿನ ಟ್ರಾಫಿಕ್ಕಿನಿಂದ ತಪ್ಪಿಸಿಕೊಂಡು ಬಂದು ಇನ್ನೊಂದೂರಿನ ಟ್ರಾಫಿಕ್ ಜಾಮಿಗೆ ಕಾರಣರಾದವರಲ್ಲಿ ತಾವೂ ಒಬ್ಬರೆಂಬುದು ಮಹಾಶಯರಿಗೆ ಹೊಳೆಯಲಿಲ್ಲ. ಆ ಹೊತ್ತಿಗೆ ಅವರ ತಲೆ ಬಿಸಿಯಾಗಿದ್ದು ರೆಡ್ ಬುಲ್ ಚಾಲಕ ವರ್ಸ್ಟಾಪನ್ ವಿಚಾರಕ್ಕೆ. ಗುರುವಾರ ಪತ್ರಿಕಾಗೋಷ್ಠಿಯಲ್ಲಿ ಆತ ಕಾರಿನ ಬಗ್ಗೆ ಕೆಟ್ಟ ಪದವೊಂದನ್ನು ಆಡಿದ್ದಕ್ಕೆ ಓಟದ ತೀರ್ಪುಗಾರರು ಸಾರ್ವಜನಿಕ ಸೇವೆಯ ಶಿಕ್ಷೆ ವಿಧಿಸಿದ್ದರು. ಆತ ಸಿಟ್ಟಿನಿಂದ ಮುಂದಿನ ಗೋಷ್ಠಿಗಳಲ್ಲಿ ಒಂದೆರಡು ಪದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಕಾರು ಕೆಟ್ಟಾಗ ಆಡುವ ಮಾತಿಗೆ ಶಿಕ್ಷೆಯಾದರೆ ಬೆಂಗಳೂರಿನ ಅರ್ಧ ಜನ ಲಾಲ್‌ಬಾಗ್ ಗುಡಿಸಬೇಕಾದೀತು.

ಶುಕ್ರವಾರ ಸ್ವರ್ಗ. ಮೊದಲ ಅಭ್ಯಾಸದ ಸುತ್ತಿನಲ್ಲಿ ಫೆರಾರಿಯ ಶಾರ್ಲ್ ಲೆಕ್ಲೇರ್ ಎಲ್ಲರಿಗಿಂತ ಮುಂದೆ. ಮಹಾಶಯರು ಮನೆಯ ವಾಟ್ಸಾಪ್ ಗುಂಪಿಗೆ 'ಈ ಸಲ ನಮ್ದೇ' ಎಂದು ಕಳಿಸಿದರು. ಬೆವರು ಮಾತ್ರ ಧಾರಾಕಾರ. ಸಿಂಗಪುರದ ಸೆಖೆಯಲ್ಲಿ ಓಟ ಮುಗಿಸುವಷ್ಟರಲ್ಲಿ ಚಾಲಕರೇ ಮೂರು ಕಿಲೋವರೆಗೆ ತೂಕ ಕಳೆದುಕೊಳ್ಳುತ್ತಾರಂತೆ. ಮಹಾಶಯರೂ ಕಳೆದುಕೊಂಡರು, ಮರುದಿನ ಬೆಳಿಗ್ಗೆ ಸೆರಂಗೂನ್ ರಸ್ತೆಯ ಕೋಮಲ ವಿಲಾಸಿನ ಮಸಾಲೆ ದೋಸೆ ಅದನ್ನು ವಾಪಸ್ ಕೊಟ್ಟಿತು.

ಶನಿವಾರ ರಾತ್ರಿಯ ಅರ್ಹತಾ ಸುತ್ತಿನಲ್ಲಿ ಕಥೆ ಬೇರೆಯಾಯಿತು. ಸೈನ್ಸ್ ಕೊನೆಯ ತಿರುವಿನಲ್ಲಿ ಹಿಡಿತ ತಪ್ಪಿ ಗೋಡೆಗೆ ಹೊಡೆದರು. ಲೆಕ್ಲೇರ್ ಒಳ್ಳೆಯ ಸಮಯವನ್ನೇನೋ ಮಾಡಿದರು, ಆದರೆ ಅದನ್ನು ಅಳಿಸಿಹಾಕಿದರು. ಕಾರಣ, ಟ್ರ್ಯಾಕ್ ಲಿಮಿಟ್. ಆಟೋದವರಿಗೆಲ್ಲ ದಂಡ ವಿಧಿಸುತ್ತಿದ್ದ ಮಹಾಶಯರು ಆ ಕ್ಷಣದಲ್ಲಿ ನಿಯಮವೇ ಅನ್ಯಾಯದ್ದೆಂದು ಪಕ್ಕದ ಜರ್ಮನ್ ದಂಪತಿಯೊಂದಿಗೆ ಅರ್ಧ ಗಂಟೆ ವಾದಿಸಿದರು. ಎರಡು ಫೆರಾರಿಗಳು ಒಂಬತ್ತನೆಯ, ಹತ್ತನೆಯ ಸ್ಥಾನದಲ್ಲಿ.

ಆದರೂ ಧೈರ್ಯ ಕೆಡಲಿಲ್ಲ. ಅವರ ಬಳಿ ಒಂದು ಬ್ರಹ್ಮಾಸ್ತ್ರವಿತ್ತು: ಸೇಫ್ಟಿ ಕಾರು. ಅಪಘಾತವಾದಾಗ ಈ ಕಾರು ಬಂದು ಎಲ್ಲರನ್ನೂ ಸಾಲಾಗಿ ತನ್ನ ಹಿಂದೆ ನಿಧಾನಕ್ಕೆ ನಡೆಸುತ್ತದೆ. ಮುಂದಿದ್ದವನ ಅಂತರವೆಲ್ಲ ಕರಗಿ ಹಿಂದಿನವನ ಅದೃಷ್ಟ ಖುಲಾಯಿಸುತ್ತದೆ. 2008ರಿಂದ 2023ರವರೆಗೆ ಸಿಂಗಪುರದಲ್ಲಿ ನಡೆದ ಪ್ರತಿಯೊಂದು ಓಟದಲ್ಲೂ ಅದು ಬಂದಿತ್ತು. ಮೊದಲ ವರ್ಷವಂತೂ ರೆನೋ ತಂಡದವರು ಅದನ್ನು ಬರಿಸಲೆಂದೇ ತಮ್ಮ ನೆಲ್ಸನ್ ಪಿಕೆ ಜೂನಿಯರ್‌ಗೆ ಗೋಡೆಗೆ ಗುದ್ದಲು ಹೇಳಿ, ಹದಿನೈದನೆಯ ಸ್ಥಾನದಿಂದ ಹೊರಟಿದ್ದ ಫರ್ನಾಂಡೊ ಅಲೋನ್ಸೊನನ್ನು ಗೆಲ್ಲಿಸಿಕೊಂಡಿದ್ದರು. ಮರುವರ್ಷ ಗುಟ್ಟು ರಟ್ಟಾಯಿತು. "ಬಂದೇ ಬರತ್ತೆ, ನೂರಕ್ಕೆ ನೂರು. ಲೆಕ್ಲೇರ್ ಆಗ ಮೇಲೆ ಬರ್ತಾನೆ" ಎಂದು ಮಹಾಶಯರು ಭಾನುವಾರ ಸಂಜೆ ಲೆಕ್ಕ ಬರೆದು ತೋರಿಸಿದರು.

ರಾತ್ರಿ ಎಂಟಕ್ಕೆ ಓಟ. ಅವರ ಸೀಟು ಒಳ್ಳೆಯದೇ, ಎದುರಿಗೆ ದೀಪದ ಕಂಬವೊಂದನ್ನು ಬಿಟ್ಟರೆ. ಸುತ್ತಿನ ಉದ್ದ 4.94 ಕಿಲೋಮೀಟರ್, ಸುತ್ತುಗಳು 62. ಅಂದರೆ ಒಂದೂವರೆ ನಿಮಿಷಕ್ಕೊಮ್ಮೆ ಕಂಬದ ಎಡಗಡೆಯಿಂದ ಬಣ್ಣವೊಂದು ಹೊರಟು ಕಂಬದ ಬಲಗಡೆ ಮಾಯವಾಗುತ್ತದೆ. ಯಾರ ಬಣ್ಣ ಎಂದು ಗುರುತಿಸುವಷ್ಟರಲ್ಲಿ ಇನ್ನೊಂದು. ಬಸವನಗುಡಿಯ ಗೆಳೆಯ, ಆ ಹೊತ್ತಿಗೆ ಐದೂವರೆಯ ಕಾಫಿ ಹಿಡಿದು ಮೊಬೈಲಿನ ಫ್ಯಾನ್‌ಕೋಡಿನಲ್ಲಿ ಓಟ ನೋಡುತ್ತಿದ್ದವನು, ಸಂದೇಶ ಕಳಿಸುತ್ತಲೇ ಇದ್ದ.

'ಮಗಾ, ನಾರಿಸ್ ಗೋಡೆ ಸವರಿದ, ನೋಡ್ದಾ?'

ನೋಡಿರಲಿಲ್ಲ.

'ಅಯ್ಯೋ, ಮತ್ತೆ ಸವರಿದ!'

ಅದನ್ನೂ ನೋಡಿರಲಿಲ್ಲ. ಆದರೆ 'ಹೂಂ, ಇಲ್ಲಿಂದ ಸೂಪರ್ ಆಗಿ ಕಾಣ್ಸ್ತು' ಎಂದು ಉತ್ತರಿಸಿದರು. ಇಂಥ ಸಂದರ್ಭದಲ್ಲಿ ಬೇರೇನು ತಾನೇ ಬರೆಯಲು ಸಾಧ್ಯ? ಅಷ್ಟು ದೂರ ಹೋಗಿ, ಅಷ್ಟು ಖರ್ಚು ಮಾಡಿ, ಓಟದ ಬಗ್ಗೆ ಬಸವನಗುಡಿಯಿಂದ ತಿಳಿದುಕೊಂಡೆ ಎನ್ನಲಾಗುತ್ತದೆಯೇ?

ಸುತ್ತುಗಳು ಕಳೆದವು. ಸೇಫ್ಟಿ ಕಾರು ಬರಲಿಲ್ಲ. ಮಹಾಶಯರು ಉಡವಾದರೂ ಬರಲೆಂದು ಹಾರೈಸಿದರು. 2016ರ ಅಭ್ಯಾಸದ ವೇಳೆ ಭಾರಿ ಉಡವೊಂದು ರಸ್ತೆ ದಾಟುವುದನ್ನು ಕಂಡು ವರ್ಸ್ಟಾಪನ್ ರೇಡಿಯೊದಲ್ಲಿ ಬೆಚ್ಚಿದ್ದು ಅವರಿಗೆ ನೆನಪಿತ್ತು. ಉಡವೂ ಬರಲಿಲ್ಲ. ಸಿಂಗಪುರದ ಇತಿಹಾಸದಲ್ಲಿ ಸೇಫ್ಟಿ ಕಾರಿಲ್ಲದೆ ಮುಗಿದ ಮೊದಲ ಓಟ ಅದು. ಲ್ಯಾಂಡೊ ನಾರಿಸ್ ಇಪ್ಪತ್ತು ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಗೆದ್ದ, ವರ್ಸ್ಟಾಪನ್ ಎರಡನೆಯವ, ಲೆಕ್ಲೇರ್ ಐದನೆಯವ, ಸೈನ್ಸ್ ಏಳನೆಯವ. ಕೊನೆಯಲ್ಲಿ ಡೇನಿಯಲ್ ರಿಕಾರ್ಡೊ ಹೊಸ ಮೆದು ಟೈರು ಹಾಕಿಸಿಕೊಂಡು ಎಲ್ಲರಿಗಿಂತ ವೇಗದ ಸುತ್ತು ಹಾಕಿದ್ದು ಏಕೆ, ಅದರಿಂದ ನಾರಿಸ್‌ಗೆ ಒಂದು ಅಂಕ ತಪ್ಪಿದ್ದು ಹೇಗೆ ಎಂಬುದನ್ನೆಲ್ಲ ಬಸವನಗುಡಿ ವಿವರಿಸಿತು.

ಓಟ ಮುಗಿದ ಮೇಲೆ ಜನರನ್ನು ಟ್ರ್ಯಾಕಿಗೆ ಬಿಟ್ಟರು. ಇಡೀ ವಾರಾಂತ್ಯದಲ್ಲಿ ಮಹಾಶಯರಿಗೆ ನಿಜಕ್ಕೂ ದಕ್ಕಿದ್ದು ಆ ಒಂದು ಗಂಟೆ ಎಂದು ನನ್ನ ಅನಿಸಿಕೆ. ದೀಪಗಳ ಬೆಳಕಿನಲ್ಲಿ ಬೀದಿ ಹಗಲಿನಂತಿತ್ತು, ಡಾಂಬರು ಇನ್ನೂ ಬೆಚ್ಚಗಿತ್ತು. ಟೈರು ಸವೆದು ಉದುರಿದ ರಬ್ಬರು ಚೂರುಗಳನ್ನು ಬಗ್ಗಿ ಬಗ್ಗಿ ಆರಿಸಿದರು. ದೊಡ್ಡದೊಂದನ್ನು ಫೆರಾರಿಯದೇ ಎಂದು ನಿರ್ಧರಿಸಿದರು. ಎಲ್ಲ ತಂಡಗಳಿಗೂ ಟೈರು ಕೊಡುವುದು ಪಿರೆಲಿ ಒಂದೇ ಎಂಬ ಸಂಗತಿ ಅವರಿಗೆ ಗೊತ್ತಿಲ್ಲದೇನಲ್ಲ.

ಮಂಗಳವಾರ ರಾತ್ರಿ ಬೆಂಗಳೂರಿನ ಮನೆಯಲ್ಲಿ ಊಟ ಮುಗಿಸಿ, ಓಟದ ಪೂರ್ತಿ ಮರುಪ್ರಸಾರವನ್ನು ಟಿವಿಗೆ ಹಾಕಿದರು. ನಾರಿಸ್ ಗೋಡೆ ಸವರಿದ್ದನ್ನು ಆಗ ನೋಡಿದರು. "ಅಬ್ಬಾ!" ಎಂದರು. ಹೆಂಡತಿ, "ನೀವು ಅಲ್ಲೇ ಇದ್ರಲ್ರೀ?" ಎಂದರು. ಮಹಾಶಯರು ಅದಕ್ಕೆ ಉತ್ತರಿಸದೆ ಸ್ವಲ್ಪ ಮುಂದೆ ಓಡಿಸಿ, ತಟ್ಟನೆ ಚಿತ್ರ ನಿಲ್ಲಿಸಿ, ಎದ್ದು ಹೋಗಿ ಪರದೆಗೆ ಬೆರಳಿಟ್ಟರು.

"ಅಮ್ಮಾ, ಬಾ ಇಲ್ಲಿ. ಈ ದೀಪದ ಕಂಬ ಕಾಣ್ತಿದೆಯಲ್ಲ, ಸರಿಯಾಗಿ ಇದರ ಹಿಂದೇನೇ ನಾನು ಕೂತಿರೋದು."

ಅಮ್ಮ ಹತ್ತಿರ ಬಂದು, ಕನ್ನಡಕ ಏರಿಸಿ, ಕೊಂಚ ಹೊತ್ತು ನೋಡಿದರು.

"ಕಂಬ ಚೆನ್ನಾಗಿ ಬಂದಿದೆ ಕಣೋ."